ಆತ್ಮಕ್ಕೆ ಬಾಲ ಇತ್ತೇ?

ನಮ್ಮ ಬಡಾವಣೆಯ ಮೂಲೆಮನೆಯ ಮೇಘನಾ ಬರುವ ಸೆಪ್ಟೆಂಬರಿನಿಂದ ಇಲ್ಲಿಯ ಕಾಲೇಜೊಂದರಲ್ಲಿ ಬಯಾಲಜಿ ಪಾಠ ಮಾಡಲು ಸೇರುತ್ತಿದ್ದಾಳೆ. ಮೊನ್ನೆ ಬಂದು, "ಆಂಟಿ, ಎನಿ ಟಿಪ್ಸ್?" ಎಂದಳು. ಅಷ್ಟು ಚಿಕ್ಕ ಪ್ರಶ್ನೆಗೆ ಅಷ್ಟೇ ಚಿಕ್ಕ ಉತ್ತರ ನನಗೆ ಹೊಳೆಯಲಿಲ್ಲ. ಬರೆದು ಕೊಡುತ್ತೇನೆ ಎಂದೆ. ಅವಳಿಗೆ ಕನ್ನಡ ಓದಲು ಬಾರದು, ಅವಳಮ್ಮ ಓದಿ ಹೇಳಬೇಕು. ಆ ನೆಪದಲ್ಲಿ ಅಮ್ಮನಿಗೂ ಒಂದಿಷ್ಟು ಬಯಾಲಜಿ ಬಂದೀತು.

ನಾನು ಯಾವಾಗ ಕಾಯಂ ಆದೆ, ಯಾವಾಗ ಪ್ರೊಫೆಸರ್ ಆದೆ ಎಂಬುದನ್ನೆಲ್ಲ ನಿವೃತ್ತಿಯ ದಿನ ಒಬ್ಬರು ಮೈಕಿನಲ್ಲಿ ಹೇಳಿ ಮುಗಿಸಿದ್ದಾರೆ. ಅವರು ಹೇಳದೆ ಬಿಟ್ಟದ್ದು ಬೇರೆ. ಈ ಅಮೆರಿಕದಲ್ಲಿ ಬಯಾಲಜಿ ಮೇಡಂ ಆದವಳು ಕಪ್ಪೆಯ ಕರುಳಿನ ಜೊತೆಗೆ ಮನುಷ್ಯನ ಆತ್ಮಕ್ಕೂ ಲೆಕ್ಕ ಒಪ್ಪಿಸಬೇಕಾಗುತ್ತದೆ. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಅರವತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಚಿಕಾಗೊಗೆ ಬಂದೆ. ನನ್ನ ಗಂಡ ಶ್ರೀಧರ ಆಗಲೇ ಅಲ್ಲಿ ಎಂಜಿನಿಯರ್. ಪ್ರಾಣಿಶಾಸ್ತ್ರದ ಎಂ.ಎಸ್‌ಸಿ. ಇದ್ದುದರಿಂದ ನಗರದ ಪಶ್ಚಿಮದಲ್ಲಿದ್ದ ಎರಡು ವರ್ಷದ ಕೋರ್ಸಿನ ಕಾಲೇಜೊಂದರಲ್ಲಿ ನನಗೆ ಸಂಜೆಯ ತರಗತಿ ಸಿಕ್ಕಿತು. ಬರುವವರೆಲ್ಲ ಹಗಲು ದುಡಿದು ದಣಿದವರು. ಬಸ್ ಚಾಲಕರು, ಟೈಪಿಸ್ಟರು, ಮೂರು ಮಕ್ಕಳ ತಾಯಂದಿರು. ಆಗ ತರಗತಿಯಲ್ಲೇ ಸಿಗರೇಟು ಸೇದುವ ಕಾಲ. ಹೊಗೆಯ ನಡುವೆ ನಾನು ರೇಷ್ಮೆ ಸೀರೆಯುಟ್ಟು ನಿಂತರೆ ಮುಂದಿನ ಸಾಲಿನವರಿಗೆ ಮಾತ್ರ ಕಾಣುತ್ತಿದ್ದೆ.

ವಿಭಾಗದ ಮುಖ್ಯಸ್ಥೆ ಮಿಸ್ ಓಲ್ಸನ್. ಅರವತ್ತು ದಾಟಿದ ಎತ್ತರದ ಹೆಂಗಸು. ಹೊಸಬರ ತರಗತಿಗೆ ಹೇಳದೆ ಕೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂರುವುದು ಅವರ ಪದ್ಧತಿ. ಅವರು ಬಂದ ದಿನ ನಾನು ಭ್ರೂಣದ ಬೆಳವಣಿಗೆಯ ಪಾಠ ಮಾಡುತ್ತಿದ್ದೆ. ತಾಯಿಯ ಹೊಟ್ಟೆಯಲ್ಲಿ ಮಗು ಮೊದಲು ಮೀನಾಗುತ್ತದೆ, ಆಮೇಲೆ ಹಲ್ಲಿಯಾಗುತ್ತದೆ, ನಾಲ್ಕು ಕಾಲಿನ ಪ್ರಾಣಿಯಾಗುತ್ತದೆ, ಕೊನೆಗೆ ಮನುಷ್ಯನಾಗುತ್ತದೆ. ಕೋಟಿ ವರ್ಷಗಳ ಕಥೆಯನ್ನು ಒಂಬತ್ತು ತಿಂಗಳಲ್ಲಿ ಓದಿ ಮುಗಿಸುತ್ತದೆ. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಹೀಗೇ ಕಲಿಸಿದ್ದರು. ಅದಕ್ಕೆ ನಾನು ನಮ್ಮ ಅಜ್ಜಿ ಹೇಳುತ್ತಿದ್ದ ಎಂಬತ್ನಾಲ್ಕು ಲಕ್ಷ ಯೋನಿಗಳನ್ನೂ ಸೇರಿಸಿದೆ. ತರಗತಿ ಚಪ್ಪಾಳೆ ತಟ್ಟಿತು.

ಎಲ್ಲರೂ ಹೋದ ಮೇಲೆ ಮಿಸ್ ಓಲ್ಸನ್ ಹತ್ತಿರ ಬಂದರು. "ಬಹಳ ಚೆನ್ನಾಗಿತ್ತು. ನಾನೂ ಎಷ್ಟೋ ವರ್ಷ ಹೀಗೇ ಹೇಳ್ತಿದ್ದೆ. ಆದರೆ ನಿಜ ಅಲ್ಲ."

ನನ್ನ ಮುಖ ನೋಡಿ ಕಪಾಟಿನಿಂದ ಹಂದಿ ಭ್ರೂಣದ ಸ್ಲೈಡ್ ತೆಗೆದು ಮೈಕ್ರೋಸ್ಕೋಪಿನ ಕೆಳಗಿಟ್ಟರು. "ಕಿವಿರು ತೋರಿಸಿ." ಕತ್ತಿನ ಹತ್ತಿರ ಮಡಿಕೆಗಳಿದ್ದವು, ಕಿವಿರು ಇರಲಿಲ್ಲ. "ಅದು ಯಾವತ್ತೂ ಮೀನಾಗಿರಲಿಲ್ಲ. ಮೀನಿನ ಭ್ರೂಣ, ಹಂದಿಯ ಭ್ರೂಣ, ನಮ್ಮ ಭ್ರೂಣ ಶುರುವಾಗೋದು ಒಂದೇ ಥರ. ಆಮೇಲೆ ಅವರವರ ದಾರಿ ಅವರದು. ಕಥೆ ಚೆಂದ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ."

ಮುಂದಿನ ತರಗತಿಯಲ್ಲಿ, ಹೋದ ವಾರ ಹೇಳಿದ್ದು ತಪ್ಪು ಎಂದು ಹೇಳಿ ಮತ್ತೆ ಪಾಠ ಮಾಡಿದೆ. ಈ ಬಾರಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಸ್ ಚಾಲಕನೊಬ್ಬ ಮಾತ್ರ, "ಹೋದ ವಾರದ್ದೇ ಚೆನ್ನಾಗಿತ್ತು ಮೇಡಂ" ಎಂದ. ಮೇಘನಾ, ಈ ಮಾತನ್ನು ನೀನೂ ಒಂದು ದಿನ ಕೇಳುತ್ತೀಯ. ಕೇಳಿ ನಗು, ಪಾಠ ಮುಂದುವರಿಸು.

ಹೊರಗಿನವರಿಗೆ ಉತ್ತರ ಕೊಡುವುದು ಸುಲಭ, ನಮ್ಮವರಿಗೆ ಕಷ್ಟ. ನಾವಿದ್ದ ಚಿಕಾಗೊದ ಹೊರವಲಯದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಆಗ ಕನ್ನಡದವರದು ಒಂದೋ ಎರಡೋ ಮನೆ. ಅದರಲ್ಲಿ ಒಂದು ಧಾರವಾಡದ ಡಾಕ್ಟರ್ ಗುರುಪಾದಪ್ಪನವರದು. ಭಾನುವಾರ ಅಲ್ಲಿ ಸೇರುತ್ತಿದ್ದೆವು. ನನ್ನ ಕೆಲಸದ ವಿಷಯ ತಿಳಿದದ್ದೇ ಅವರು ಸೋಫಾದ ಅಂಚಿಗೆ ಸರಿದು ಕುಳಿತರು.

"ಅಲ್ರೀ ಮೇಡಂ, ಈ ಎವಲ್ಯೂಷನ್ ನಮ್ಮವರು ಯಾವತ್ತೋ ಹೇಳ್ಯಾರ. ಮೊದಲ ಮತ್ಸ್ಯ, ನೀರಾಗ. ಆಮ್ಯಾಲೆ ಕೂರ್ಮ, ನೀರಾಗೂ ನೆಲದ ಮ್ಯಾಲೂ. ವರಾಹ ಪೂರ್ತಿ ನೆಲದ್ದು. ನರಸಿಂಹ ಅರ್ಧ ಪ್ರಾಣಿ ಅರ್ಧ ಮನುಷ್ಯಾ. ಇನ್ನೇನು ಬೇಕ್ರೀ?"

ನಾನು ಗೆಲ್ಲುವ ಹುರುಪಿನಲ್ಲಿ, "ಹಾಗಾದ್ರೆ ಪರಶುರಾಮ ಆದ್ಮೇಲೆ ರಾಮ ತಾನೆ? ಅವರಿಬ್ಬರೂ ಎದುರುಬದುರು ನಿಂತು ಮಾತಾಡಿದಾರಲ್ಲ ಡಾಕ್ಟ್ರೇ! ಹಳೇ ಮಾಡೆಲ್ಲು ಹೊಸ ಮಾಡೆಲ್ಲಿಗೆ ಬಿಲ್ಲು ಕೊಟ್ಟು ಹೋಯ್ತಾ?" ಎಂದೆ.

ಎಲ್ಲರೂ ನಕ್ಕರು. ಅವರು ಒಂದು ಗುಟುಕು ಕಾಫಿ ಕುಡಿದು, "ನಿಮ್ಮ ಮಂಗ್ಯಾ ಇನ್ನೂ ಐತಿ, ಮನುಷ್ಯಾನೂ ಅದಾನ. ಇಬ್ಬರೂ ಝೂದಾಗ ಎದುರುಬದುರು ನಿಂದ್ರತಾರ. ಅದು ನಡೀತದ, ಇದು ನಡೆಯೂದಿಲ್ಲೇನು?" ಎಂದರು. ಮಂಗ ನಮ್ಮ ಅಜ್ಜನಲ್ಲ, ದಾಯಾದಿ ಎಂದು ವಿವರಿಸಲು ಹೊರಡುವಷ್ಟರಲ್ಲಿ ಅವರ ಹೆಂಡತಿ ಶಾಂತಕ್ಕ, "ವಿಕಾಸ ಆಮ್ಯಾಲೆ ಮಾಡ್ರಿ, ರೊಟ್ಟಿ ಆರತಾವ" ಎಂದು ಎಲ್ಲರನ್ನೂ ಎಬ್ಬಿಸಿದರು. ಆ ವಾದದಲ್ಲಿ ನಾನು ಇಂದಿಗೂ ಸೋತಂತೆಯೇ ಲೆಕ್ಕ.

ಎಪ್ಪತ್ತರ ದಶಕದ ಮೊದಲಲ್ಲಿ ಶ್ರೀಧರನಿಗೆ ಡೆಟ್ರಾಯಿಟ್ ಕಡೆ ಕಾರ್ ಕಂಪನಿಯಲ್ಲಿ ಬ್ರೇಕ್ ಡಿಸೈನ್ ಮಾಡುವ ಕೆಲಸ ಸಿಕ್ಕಿತು. ಸೌತ್‌ಫೀಲ್ಡ್‌ನಲ್ಲಿ ಮನೆ ಮಾಡಿದೆವು. ಅಲ್ಲಿಂದ ಕೆಲವು ಮೈಲಿ ದೂರದ ಇನ್ನೊಂದು ಕಾಲೇಜಿನಲ್ಲಿ ನನಗೆ ಮತ್ತೆ ಸಂಜೆ ತರಗತಿ. ಇಲ್ಲಿ ಸಿಗರೇಟಿನ ಹೊಗೆಯ ಜೊತೆಗೆ ಮೆಷಿನ್ ಆಯಿಲಿನ ವಾಸನೆ. ಅರ್ಧ ತರಗತಿ ಕಾರ್ ಪ್ಲಾಂಟಿನವರು. ಅವರಲ್ಲಿ ಫ್ರ್ಯಾಂಕ್ ಎಂಬವನು ಹಗಲೆಲ್ಲ ಕಾರಿಗೆ ಬಾಗಿಲು ಕೂರಿಸಿ, ಸಂಜೆ ಬಂದು ನನ್ನನ್ನು ಪ್ರಶ್ನೆ ಕೇಳಿ ಆಯಾಸ ಕಳೆದುಕೊಳ್ಳುತ್ತಿದ್ದ. ಮುಂದಿನ ಸಾಲಿನಲ್ಲಿ ಡೊರೊಥಿ. ನಲವತ್ತರ ಆಸುಪಾಸಿನ ಕಪ್ಪು ಜನಾಂಗದ ಹೆಂಗಸು. ಆಸ್ಪತ್ರೆಯಲ್ಲಿ ರೋಗಿಗಳ ಮೈ ತೊಳೆದು ಹಾಸಿಗೆ ಬದಲಿಸುವ ಸಹಾಯಕಿ, ಭಾನುವಾರ ತನ್ನ ಚರ್ಚಿನ ಹಾಡುಗಾರರ ಮುಂದಾಳು. ನರ್ಸ್ ಆಗಬೇಕೆಂಬುದು ಅವಳ ಹಟ. ನರ್ಸಿಂಗ್ ಸೇರಲು ನನ್ನ ಬಯಾಲಜಿ ಪಾಸಾಗಲೇಬೇಕಿತ್ತು.

ವಿಕಾಸವಾದದ ಪಾಠ ಶುರುವಾಗುವ ಹಿಂದಿನ ವಾರ ಅವಳು ತರಗತಿ ಮುಗಿದ ಮೇಲೆ ನಿಂತಳು.

"ಮೇಡಂ, ನಾನು ಕೋರ್ಸ್ ಬಿಡ್ತಿದೀನಿ. ನಮ್ಮ ಚರ್ಚಿನ ಪಾಸ್ಟರ್ ಬೇಡ ಅಂದರು."

ಕೋರ್ಸ್ ಬಿಡಲು ಇನ್ನೊಂದು ವಾರ ಸಮಯವಿತ್ತು. ನಾನು ಆತುರದಲ್ಲಿ, "ಪರೀಕ್ಷೆಗೆ ಓದಿ, ಬರೆದು, ಅಲ್ಲೇ ಮರೆತುಬಿಡಿ. ನಂಬಿ ಅಂತ ಯಾರೂ ಹೇಳ್ತಿಲ್ಲ" ಎಂದೆ. ಮೇಷ್ಟ್ರಾದವರು ಹೇಳಬಾರದ ಮಾತೆಂದರೆ ಅದೊಂದೇ.

ಡೊರೊಥಿ ನನ್ನನ್ನು ಕನಿಕರದಿಂದ ನೋಡಿದಳು. "ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಇಟ್ಕೊಂಡು ನಾನು ರೋಗಿಯ ಮುಂದೆ ನಿಲ್ಲೋಕಾಗಲ್ಲ ಮೇಡಂ."

ಅದೇ ವಾರ ನಮ್ಮ ಡೀನ್ ಕೊವಾಲ್ಸ್ಕಿ ಒಂದು ಚರ್ಚಾಕೂಟ ಇಟ್ಟಿದ್ದರು. ಕೊವಾಲ್ಸ್ಕಿ ಒಳ್ಳೆಯ ಮನುಷ್ಯ, ಉತ್ಸಾಹದ ಬುಗ್ಗೆ. ಊರ ತುಂಬ ಯೋಗ, ಧ್ಯಾನ, ಗುರುಗಳ ಗಾಳಿ ಬೀಸುತ್ತಿದ್ದ ಕಾಲ. 'ಆತ್ಮವೂ ವಿಕಾಸ ಹೊಂದುತ್ತದೆಯೇ? ಪೂರ್ವದ ಸ್ವಾಮಿ, ಪಶ್ಚಿಮದ ವಿಜ್ಞಾನಿ' ಎಂದು ಪೋಸ್ಟರ್ ಹಚ್ಚಿಸಿದ್ದರು. ಪಶ್ಚಿಮದ ವಿಜ್ಞಾನಿ ನಾನೇ ಎಂದು ನನಗೆ ಆಮೇಲೆ ಗೊತ್ತಾಯಿತು. "ನಮ್ಮಲ್ಲಿ ಶುಕ್ರವಾರ ಬಿಡುವಿರೋ ಬಯಾಲಜಿಸ್ಟ್ ನೀವೊಬ್ಬರೇ" ಎಂದರು ಡೀನ್.

ಡೊರೊಥಿಗೆ ಹೇಳಿದೆ: "ಕೋರ್ಸ್ ಬಿಡೋ ಮೊದಲು ಶುಕ್ರವಾರ ಬನ್ನಿ. ನಿಮ್ಮ ಪಾಸ್ಟರನ್ನೂ ಕರ್ಕೊಂಡು ಬನ್ನಿ. ನಾನು ಏನು ಹೇಳ್ತೀನಿ ಅಂತ ಅವರೇ ಕೇಳಲಿ." ಅವಳು ಪುಸ್ತಕ ಚೀಲಕ್ಕೆ ಹಾಕಿಕೊಂಡು ಹೊರಟಳು.

ಶುಕ್ರವಾರ ಮನೆಯಿಂದ ಹೊರಡುವಾಗ ಶ್ರೀಧರ, "ಏನೇ, ಸ್ವಾಮಿಗಳ ಹತ್ರ ಜಗಳ ಆಡೋಕೆ ಹೋಗ್ತಿದೀಯಾ? ಶಾಪ ಗೀಪ ಕೊಟ್ಟಾರು. ಮೊದ್ಲು ದಪ್ಪ ಕೋಟ್ ಹಾಕ್ಕೋ, ಹೊರಗೆ ಟೆನ್ ಡಿಗ್ರಿ ಫ್ಯಾರನ್‌ಹೀಟ್ ಇದೆ. ನಾನೇ ಡ್ರೈವ್ ಮಾಡ್ತೀನಿ" ಎಂದು ತಾನೂ ಹೊರಟ. ಜಗಳ ನೋಡುವ ಆಸೆ ಅವನಿಗೆ.

ಸ್ವಾಮಿ ಊರ್ಧ್ವಾನಂದರನ್ನು ಕಂಡಾಗ ನನಗೆ ನಗು ತಡೆಯಲಾಗಲಿಲ್ಲ. ಆರಡಿ ಎತ್ತರ, ಕೆಂಪು ಗಡ್ಡ, ಕಾವಿ ನಿಲುವಂಗಿ, ಕೆಳಗೆ ಹಿಮದ ಬೂಟು. ಹುಟ್ಟಿದ್ದು ಅಯೋವಾದ ಜೋಳದ ಹೊಲಗಳ ನಡುವೆ. ಅವರ ಪಕ್ಕ ನಾನು, ಸೀರೆ, ಕುಂಕುಮ, ಎಣ್ಣೆ ಹಚ್ಚಿದ ಜಡೆ. ಸಭಾಂಗಣಕ್ಕೆ ಬಂದ ಬಿಳಿಕೂದಲಿನ ಅಜ್ಜಿಯೊಬ್ಬರು ನೇರ ವೇದಿಕೆಗೆ ನಡೆದು ಬಗ್ಗಿ ನನ್ನ ಕಾಲು ಮುಟ್ಟಿದರು. ಅದಕ್ಕಾಗಿಯೇ ಅಭ್ಯಾಸ ಮಾಡಿಕೊಂಡು ಬಂದಿದ್ದರೆಂದು ಕಾಣುತ್ತದೆ. ನಾನು ಗಾಬರಿಯಾಗಿ ಪಕ್ಕಕ್ಕೆ ಕೈ ತೋರಿಸಿದೆ. ಸ್ವಾಮಿಗಳು ನನ್ನತ್ತ ಬಾಗಿ, "ನಮ್ಮಿಬ್ಬರ ಕುರ್ಚಿ ಬದಲಾಗಿದೆ ಅಂತ ಅನ್ನಿಸ್ತಿದೆ" ಎಂದರು. ಮನುಷ್ಯ ನನಗೆ ಆಗಲೇ ಇಷ್ಟವಾದರು.

ಮಾತೂ ಚೆನ್ನಾಗಿಯೇ ಆಡಿದರು. ಈ ಜಗತ್ತು ಒಂದು ದೊಡ್ಡ ಕಟ್ಟಡ. ಜಡವಸ್ತು ನೆಲಮಾಳಿಗೆ, ಗಿಡಮರ ಒಂದನೇ ಮಹಡಿ, ಪ್ರಾಣಿ ಎರಡನೆಯದು, ಮನುಷ್ಯ ಮೂರನೆಯದು. ಆತ್ಮ ಲಿಫ್ಟಿನಲ್ಲಿ ಜನ್ಮಜನ್ಮಾಂತರ ಏರುತ್ತ ಬರುತ್ತದೆ. ಮಗುವನ್ನೇ ನೋಡಿ, ಮೊದಲು ಹಾವಿನಂತೆ ಹೊಟ್ಟೆಯ ಮೇಲೆ ತೆವಳುತ್ತದೆ, ಆಮೇಲೆ ನಾಲ್ಕು ಕಾಲು, ಆಮೇಲೆ ಎರಡು ಕಾಲು. ಮನುಷ್ಯರಲ್ಲೂ ಕೆಲವರು ಕೆಳಗಿದ್ದಾರೆ, ಕೆಲವರು ಮೇಲೇರಿದ್ದಾರೆ. ನಾಲ್ಕನೇ ಮಹಡಿ ನಮ್ಮೆಲ್ಲರಿಗೂ ಕಾದಿದೆ. ಜನ ತಲೆದೂಗಿದರು.

ನನ್ನ ಸರದಿ ಬಂದಾಗ, ಪ್ರಕೃತಿಯಲ್ಲಿ ಮಹಡಿಗಳಿಲ್ಲ ಎಂದೆ. ಅದು ಪೊದೆ, ಕಟ್ಟಡ ಅಲ್ಲ. ಈಗ ಬದುಕಿರುವುದೆಲ್ಲ ಅದರ ತುದಿಯ ಎಲೆ. ಲಾಡಿಹುಳುವೂ ನಮ್ಮಷ್ಟೇ ದೂರದಿಂದ ಬಂದಿದೆ. ಮಗು ತೆವಳುವುದು ಹಾವಾಗಿದ್ದ ನೆನಪಿನಿಂದಲ್ಲ, ಸೊಂಟಕ್ಕೆ ಇನ್ನೂ ಬಲ ಬಂದಿಲ್ಲ ಎಂದು. ಯಾರೂ ತಲೆದೂಗಲಿಲ್ಲ. ಲಾಡಿಹುಳುವಿನ ಸಮಕ್ಕೆ ಕೂರಲು ಯಾರಿಗೆ ತಾನೆ ಇಷ್ಟ?

ಸ್ವಾಮಿಗಳು ಮೃದುವಾಗಿಯೇ ಕೇಳಿದರು: "ಯಾರೂ ಮೇಲೇರೋದೇ ಇಲ್ಲ ಅಂದ್ರೆ ನೀವು ಪಾಠ ಯಾಕೆ ಮಾಡ್ತೀರಿ?"

ನಾನು ಲೋಟ ಎತ್ತಿಕೊಂಡೆ. ನೀರು ಕುಡಿದೆ. ಮೂರನೇ ಸಾಲಿನಲ್ಲಿ ಶ್ರೀಧರ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅಷ್ಟರಲ್ಲಿ ಫ್ರ್ಯಾಂಕ್ ಎದ್ದು ನಿಂತ.

"ಸ್ವಾಮಿ, ಒಂದು ಡೌಟು. ಮೇಡಂ ಹೇಳ್ತಾರೆ, ನಮಗೆ ಹಿಂದೆ ಬಾಲ ಇತ್ತು ಅಂತ. ನೀವು ಹೇಳ್ತೀರಿ, ಆತ್ಮವೂ ದೇಹದ ಜೊತೆಗೇ ಏರಿ ಬಂತು ಅಂತ. ಹಾಗಾದ್ರೆ ಆತ್ಮಕ್ಕೂ ಬಾಲ ಇತ್ತಾ?"

ಸಭಾಂಗಣ ಗೊಳ್ಳೆಂದಿತು. ಸ್ವಾಮಿಗಳು ಗಡ್ಡ ನೀವಿಕೊಂಡು, "ನನ್ನದಕ್ಕೆ ಇನ್ನೂ ಇದೆ. ಯಾರಾದ್ರೂ ಹೊಗಳಿದ್ರೆ ಅಲ್ಲಾಡುತ್ತೆ" ಎಂದರು. ಆ ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಾನೂ ತಟ್ಟಿದೆ. ಚರ್ಚೆ ಅವರು ಗೆದ್ದಾಯಿತು ಎಂದು ಗೊತ್ತಾಗಿತ್ತು.

ಆಗ ಹಿಂದಿನ ಸಾಲಿನಿಂದ ಕಪ್ಪು ಸೂಟಿನ ದೊಡ್ಡ ಆಳೊಬ್ಬರು ನಿಧಾನವಾಗಿ ಎದ್ದರು. ಪಕ್ಕದಲ್ಲಿ ಡೊರೊಥಿ ತಲೆ ತಗ್ಗಿಸಿ ಕುಳಿತಿದ್ದಳು. ಅವರೇ ಪಾಸ್ಟರ್.

"ನನ್ನ ಪ್ರಶ್ನೆ ಇಬ್ಬರಿಗೂ," ಎಂದರು. ಮೈಕು ಬೇಡದ ದನಿ. "ಕೆಳಗೆ ಕೆಲವರು, ಮೇಲೆ ಕೆಲವರು ಅಂತ ಹೇಳೋ ಮಾತು ನಾವು ಬಹಳ ಕೇಳಿದೀವಿ. ವಿಜ್ಞಾನದ ಹೆಸರಲ್ಲೂ ಕೇಳಿದೀವಿ, ದೇವರ ಹೆಸರಲ್ಲೂ ಕೇಳಿದೀವಿ. ಪ್ರತೀ ಸಲ ಆ ಏಣಿಯ ಕೆಳಗಿನ ಮೆಟ್ಟಿಲು ನಮ್ಮ ಕಪ್ಪು ಜನರಿಗೇ ಅಂತ ಇಟ್ಟಿದ್ದರು. ನನ್ನ ಅಜ್ಜನಿಗೆ ಅದನ್ನ ಪುಸ್ತಕ ತೆರೆದು ಚಿತ್ರ ತೋರಿಸಿ ಹೇಳಿದ್ದರು. ಈ ಹೆಣ್ಣುಮಗಳು ನಿಮ್ಮ ಕ್ಲಾಸಿಗೆ ಹೋದರೆ ಅದೇ ಚಿತ್ರ ನೋಡ್ತಾಳಾ ಅನ್ನೋದು ನನ್ನ ಭಯ."

ಪಾಸ್ಟರ್ ಬೈಬಲ್ ಹಿಡಿದು ವಾದಕ್ಕೆ ಬರುತ್ತಾರೆಂದು ನಾನು ಸಿದ್ಧಳಾಗಿದ್ದೆ, ಈ ಪ್ರಶ್ನೆಗೆ ಸಿದ್ಧಳಾಗಿರಲಿಲ್ಲ. ಆದರೆ ಅದು ನನಗೆ ಅಪರಿಚಿತವೂ ಆಗಿರಲಿಲ್ಲ. ಹಿಂದಿನ ಜನ್ಮದ ಕರ್ಮ ಎಂದು ಹೇಳಿ ಮನುಷ್ಯರನ್ನು ಊರಾಚೆ ನಿಲ್ಲಿಸಿದ ನಾಡಿನಿಂದಲೇ ನಾನು ಬಂದವಳು. ನಿಲ್ಲಿಸಿದವರ ಮನೆಯವಳು ಬೇರೆ.

"ಪಾಸ್ಟರ್," ಎಂದೆ, "ನಮ್ಮ ಊರಲ್ಲೂ ಅಂಥ ಏಣಿ ಇದೆ. ನಾನು ಮೇಲಿನ ಮೆಟ್ಟಿಲಲ್ಲಿ ಹುಟ್ಟಿದವಳು, ಅದಕ್ಕೇ ಅದು ನನಗೆ ಬಹಳ ದಿನ ಕಾಣಿಸಿರಲಿಲ್ಲ. ಆದರೆ ನನ್ನ ಪಾಠದಲ್ಲಿ ಏಣಿ ಇಲ್ಲ. ಆತ್ಮದ ವಿಷಯವೂ ಇಲ್ಲ, ಅದನ್ನ ನೋಡೋ ಮೈಕ್ರೋಸ್ಕೋಪು ನನ್ನ ಹತ್ರ ಇಲ್ಲ. ನನ್ನ ಮಾತು ನಂಬಬೇಡಿ. ಸೋಮವಾರ ನೀವೇ ಬಂದು ಕೂತು ನೋಡಿ."

"ಬರ್ತೀನಿ," ಎಂದು ಅವರು ಕುಳಿತರು.

ಕೋಟು ಹಾಕಿಕೊಳ್ಳುವಾಗ ಸ್ವಾಮಿಗಳು ನನ್ನ ಹತ್ತಿರ ಬಂದು, ಗಂಭೀರವಾಗಿ, "ಕೆಳಗಿನ ಮಹಡಿಯಲ್ಲಿ ಯಾರಿದಾರೆ ಅಂತ ನಾನು ಯಾವತ್ತೂ ಕೇಳ್ಕೊಂಡಿರಲಿಲ್ಲ" ಎಂದರು. ಆಮೇಲೆ ಅವರು ಪಾಸ್ಟರ್ ಜೊತೆ ಪಾರ್ಕಿಂಗ್ ಲಾಟಿನ ಚಳಿಯಲ್ಲಿ ನಿಂತು ಮಾತಾಡುತ್ತಿದ್ದುದನ್ನು ನಮ್ಮ ಕಾರಿನಿಂದ ನೋಡಿದೆ. ಕಾವಿಯೂ ಕಪ್ಪು ಸೂಟೂ ಬಾಯಿಂದ ಹಬೆ ಬಿಡುತ್ತಿದ್ದವು.

ಸೋಮವಾರ ಪಾಸ್ಟರ್ ಬಂದರು. ಡೊರೊಥಿ ಕೋರ್ಸ್ ಬಿಟ್ಟಿರಲಿಲ್ಲ, ಆದರೆ ಬಾಗಿಲ ಹತ್ತಿರದ ಕುರ್ಚಿಗೆ ಬದಲಾಗಿದ್ದಳು. ನಾನು ಬೋರ್ಡಿನ ಮೇಲೆ ಪೊದೆ ಬರೆದೆ. ಆಮೇಲೆ ಕಪ್ಪೆಯ ಕೈಮೂಳೆ, ಬೆಕ್ಕಿನ ಕೈಮೂಳೆ, ಪ್ಲಾಸ್ಟಿಕ್ಕಿನ ಮನುಷ್ಯನ ಕೈಮೂಳೆ ಮೇಜಿನ ಮೇಲಿಟ್ಟು ಎಲ್ಲರನ್ನೂ ಕರೆದೆ. ಪಾಸ್ಟರ್ ಕನ್ನಡಕ ಏರಿಸಿ ಬಗ್ಗಿದರು. ಮೇಲೆ ಒಂದು ಮೂಳೆ, ಕೆಳಗೆ ಜೋಡಿ, ಆಮೇಲೆ ಚಿಕ್ಕ ಚಿಕ್ಕವು. ಕಪ್ಪೆಯಲ್ಲಿ ಜೋಡಿ ಬೆಸೆದುಕೊಂಡಿದ್ದರೂ ಗೆರೆ ಕಾಣುತ್ತಿತ್ತು.

"ದೇವರು ಒಂದೇ ಡ್ರಾಯಿಂಗ್ ಇಟ್ಕೊಂಡು ಕೆಲಸ ಮಾಡಿದಾನೆ," ಎಂದರು.

"ನಮ್ಮ ಪ್ಲಾಂಟಲ್ಲೂ ಅಷ್ಟೇ," ಎಂದ ಫ್ರ್ಯಾಂಕ್. "ಹಳೇ ಬಾಗಿಲು ಇಟ್ಕೊಂಡೇ ಹೊಸ ಕಾರು."

ಡೊರೊಥಿ ತನ್ನ ಎಡಗೈಯ ಮುಂಗೈ ಹಿಡಿದು ಒತ್ತಿ, ಒಳಗಿನ ಎರಡು ಮೂಳೆಗಳನ್ನು ಬೆರಳಿನಿಂದ ಹುಡುಕುತ್ತಿದ್ದಳು. ಸಿಕ್ಕಿರಬೇಕು, ಮುಖ ಅರಳಿತು. "ಮುರಿದ ಕೈ ಕಟ್ಟುವಾಗ ಇದನ್ನೇ ನೋಡ್ತಾರಲ್ವಾ ಮೇಡಂ?" ಎಂದು ಕೇಳಿ, ಹೋಗಿ ತನ್ನ ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು.

ಅಲ್ಲಿಗೆ ಮುಗಿಯಲಿಲ್ಲ, ಪಾಸ್ಟರ್ ಟರ್ಮ್ ಪೂರ್ತಿ ಬಂದರು. ಬಂದು ಸುಮ್ಮನೆ ಕೂರುವ ಜನವೂ ಅಲ್ಲ. ಭೂಮಿಯ ವಯಸ್ಸಿನ ಬಗ್ಗೆ ನಾನು ಅವರನ್ನು ಒಂದಿಂಚೂ ಅಲ್ಲಾಡಿಸಲಿಲ್ಲ. ಅವರು ನನ್ನನ್ನು ದೇವರ ಕಡೆಗೆ ಒಂದಿಂಚೂ ಎಳೆಯಲಿಲ್ಲ. "ನೀವಿಬ್ಬರೂ ವಾದ ಮಾಡ್ತಾ ಇದ್ರೆ ನನ್ನ ಪೋರ್ಷನ್ ಮುಗಿಯೋದು ಯಾವಾಗ?" ಎಂದು ಡೊರೊಥಿ ಒಮ್ಮೆ ತರಗತಿಯಲ್ಲೇ ಇಬ್ಬರನ್ನೂ ಗದರಿದಳು. ಅವಳು ಒಳ್ಳೆಯ ಅಂಕದಲ್ಲೇ ಪಾಸಾದಳು. ಪರೀಕ್ಷೆಯಲ್ಲಿ ವಿಕಾಸದ ಪ್ರಶ್ನೆಗೆ ಉತ್ತರ ಬರೆಯುವಾಗ ಅವಳು ತನ್ನ ನಂಬಿಕೆ ಬಿಟ್ಟೂ ಕೊಡಲಿಲ್ಲ, ಮೂಳೆಗಳನ್ನು ತಪ್ಪಾಗಿ ಹೇಳಲೂ ಇಲ್ಲ. ಅದು ಹೇಗೆ ಸಾಧ್ಯವಾಯಿತೋ ಅವಳನ್ನೇ ಕೇಳಬೇಕು. ಒಂದಂತೂ ನಿಜ, ಪಾಠ ಯಾಕೆ ಮಾಡ್ತೀರಿ ಎಂಬ ಸ್ವಾಮಿಗಳ ಆ ಪ್ರಶ್ನೆ ಇಂಥವರ ಮುಂದೆ ನಿಂತಾಗ ನನ್ನನ್ನು ಅಷ್ಟಾಗಿ ಕಾಡುತ್ತಿರಲಿಲ್ಲ.

ಪದ್ಧತಿಗಳು ಬದಲಾದವು ಮೇಘನಾ. ನಾನು ಸೇರಿದಾಗ ಗೋಡೆಗೆ ನೇತುಹಾಕುವ ಬಟ್ಟೆಯ ಚಾರ್ಟು, ಕೈಗೆ ಅಂಟುವ ನೇರಳೆ ಶಾಯಿಯ ಪ್ರಶ್ನೆಪತ್ರಿಕೆ. ಆಮೇಲೆ ಗೋಡೆಯ ಮೇಲೆ ಬೆಳಕಿನ ಚಿತ್ರ ಬೀಳಿಸುವ ಯಂತ್ರ ಬಂತು, ಅದರ ಬಲ್ಬು ಮುಖ್ಯ ಪಾಠದ ದಿನವೇ ಸುಟ್ಟುಹೋಗುತ್ತಿತ್ತು. ಸಿಗರೇಟು ಹೋಯಿತು, ಕಣ್ಣು ಉರಿಸುವ ಫಾರ್ಮಲಿನ್ ಹೋಯಿತು. ನೀನು ಏನೇನು ಯಂತ್ರ ಹಿಡಿದುಕೊಂಡು ಹೋಗುತ್ತೀಯೋ ನನಗೆ ಗೊತ್ತಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ಆತ್ಮದ ಪ್ರಶ್ನೆ ಕೇಳುತ್ತಾರೆ. ಉತ್ತರ ಕೊಡುವ ಮೊದಲು, ಅವರು ನಿಜವಾಗಿ ಹೆದರಿರುವುದು ಯಾವುದಕ್ಕೆ ಎಂದು ಕೇಳಿಕೋ. ನನಗೆ ಅದನ್ನು ಕಲಿಯಲು ಒಂದು ಸಭಾಂಗಣ ತುಂಬ ಜನ ಬೇಕಾಯಿತು.

ಡೊರೊಥಿ ನರ್ಸ್ ಆದ ಕೆಲವು ವರ್ಷಗಳ ಮೇಲೆ ಅವಳ ಮಗಳಿಗೆ ಹೆರಿಗೆಯಾಯಿತು. ಒಂದು ಭಾನುವಾರ ಚರ್ಚ್ ಮುಗಿದ ಮೇಲೆ ಮಗು ನೋಡಲು ಕರೆದಿದ್ದಳು. ಹೋದಾಗ ಪಾಸ್ಟರ್ ಆಗಲೇ ಒಳ್ಳೆಯ ಕುರ್ಚಿ ಹಿಡಿದು ಕುಳಿತಿದ್ದರು. ಡೊರೊಥಿ ಮಗುವನ್ನು ನನ್ನ ಮಡಿಲಿಗೆ ಕೊಟ್ಟಳು. ನಮಗೆ ಮಕ್ಕಳಾಗಲಿಲ್ಲ. ಅಷ್ಟು ಎಳೆಯ ಮಗುವನ್ನು ನಾನು ಹಿಡಿದದ್ದೇ ಅಪರೂಪ. ನನ್ನ ತೋರುಬೆರಳು ಅದರ ಅಂಗೈಗೆ ತಾಗಿತು. ಗಬಕ್ಕನೆ ಮುಷ್ಟಿ ಕಟ್ಟಿತು. ಎಂಥ ಹಿಡಿತ! ವರ್ಷವರ್ಷವೂ ಬೋರ್ಡಿನ ಮೇಲೆ ಬರೆದ ವಿಷಯ ಅದು.

"ನೋಡಿದ್ರಾ ಪಾಸ್ಟರ್," ಎಂದೆ, "ಇದು ತಾಯಿಯ ಮೈಯ ರೋಮ ಹಿಡಿದು ನೇತಾಡ್ತಿದ್ದ ಕಾಲದ್ದು. ಕೋತಿಮರಿಗಳು ಈಗಲೂ..."

"ಇಲ್ಲ ಇಲ್ಲ," ಎಂದು ಅವರು ಕುರ್ಚಿಯಲ್ಲಿ ಮುಂದೆ ಸರಿದರು. "ಅವನಿಗೆ ಗೊತ್ತು, ಹಿಡ್ಕೊಂಡ್ರೆ ಬೀಳಿಸದೆ ಇರೋ ಕೈ ಒಂದಿದೆ ಅಂತ. ಅದನ್ನ ಅವನಿಗೆ ಹೇಳಿ ಕಳಿಸಿದ್ದು ಯಾರು?"

"ಹೇಳಿ ಕಳಿಸೋದೇನು ಬಂತು, ಬೆನ್ನುಹುರಿಯಲ್ಲೇ..."

ಡೊರೊಥಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. "ಇಬ್ಬರೂ ಬಾಯಿ ಮುಚ್ಚಿ. ಮಗು ಮಲಗಿದೆ."

ಇಬ್ಬರೂ ಬಾಯಿ ಮುಚ್ಚಿದೆವು. ಊಟ ಆರುತ್ತಿದೆ ಎಂದು ಕರೆದರೂ ನಾನು ಏಳಲಿಲ್ಲ. ಹೇಗೆ ಏಳಲಿ, ಅದು ನನ್ನ ಬೆರಳು ಬಿಟ್ಟಿರಲಿಲ್ಲ.